ಕಾನ್ಫರೆನ್ಸಿಗೆ ಹೋಗಿ ಏನ್ ತಗೊಂಡ್ ಬರ್ಬೇಕು? ದಾವಣಗೆರೆ-ದುರ್ಗದ ಕಡೆಯೋರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜ್ ಲೆಕ್ಚರರ್ಸು, ಇಂಜಿನಿಯರ್ಸು, ಡಾಕ್ಟ್ರು, ಆಡಿಟರ್ಸು, ಪಿಎಚ್‌ಡಿ ಮಾಡ್ತಿರೋ ಹುಡುಗ್ರು ಹುಡುಗೀರು, ಎಲ್ಲಾರೂ ತಿರುಗಿಸಿ ಮುರುಗಿಸಿ ಇವೇ ಪ್ರಶ್ನೆ ಕೇಳ್ತಾರೆ. ಒಬ್ಬೊಬ್ಬರಿಗೂ ವಾಟ್ಸಪ್ಪಲ್ಲಿ ಉದ್ದುದ್ದ ವಾಯ್ಸ್ ಮೆಸೇಜ್ ಕಳ್ಸೋ ಬದ್ಲು ಒಂದ್ಕಡೆ ಬರ್ದಿಟ್ಟಿದೀನಿ. ನಾನು ಇಂಜಿನಿಯರಿಂಗ್ ಕಾಲೇಜಲ್ಲಿ ಪಾಠ ಮಾಡೋನು, ಹಂಗಾಗಿ ಉದಾಹರಣೆಗಳು ಜಾಸ್ತಿ ಆ ಕಡೇನೇ ವಾಲಿರ್ತವೆ, ನಿಮ್ಮ ಫೀಲ್ಡಿಗೆ ಅಡ್ಜಸ್ಟ್ ಮಾಡ್ಕೊಳ್ರಿ.

ಎಲ್ಲಾ ಯೂಟ್ಯೂಬಲ್ಲೇ ಸಿಗುತ್ತಲ್ರೀ, ಅಷ್ಟು ದುಡ್ಡು ಕೊಟ್ಟು ಯಾಕ್ ಹೋಗ್ಬೇಕು?

ಭಾಷಣ ಕೇಳೋಕಷ್ಟೇ ಆದ್ರೆ ಹೋಗ್ಲೇಬೇಡ್ರಿ, ಮನೇಲಿ ಕೂತು ಒಂದೂವರೆ ಸ್ಪೀಡಲ್ಲಿ ನೋಡ್ಕೊಳ್ಬಹುದು. ಪೇಪರಲ್ಲಿ, ಸ್ಲೈಡಲ್ಲಿ ಗೆದ್ದಿದ್ದು ಮಾತ್ರ ಇರುತ್ತೆ. ಅದೇ ಮನುಷ್ಯ ಟೀ ಕಪ್ ಹಿಡ್ಕೊಂಡು ನಿಂತಾಗ ಏನೇನು ಕೈ ಕೊಡ್ತು, ಯಾವ ಮಷಿನ್ ತಗೊಂಡು ದುಡ್ಡು ಹಾಳಾಯ್ತು, ಯಾವ ಡೇಟಾ ಯಾರ್ ಹತ್ರ ಬಿದ್ದೈತೆ, ಯಾವ ಗೈಡ್ ಹತ್ರ ಸೀಟ್ ಖಾಲಿ ಐತೆ, ಇದೆಲ್ಲ ಹೇಳ್ತಾನೆ. ಇದನ್ನ ಯಾರೂ ರೆಕಾರ್ಡ್ ಮಾಡಿ ಅಪ್‌ಲೋಡ್ ಮಾಡಲ್ಲ.

ಅಮೆರಿಕದ ಗಾರ್ಡನ್ ರಿಸರ್ಚ್ ಕಾನ್ಫರೆನ್ಸ್‌ಗಳ ಬಗ್ಗೆ ಕೇಳಿರ್ಬಹುದು, 1931ರಿಂದ ನಡ್ಕೊಂಡ್ ಬಂದಿರೋವು. ಅಲ್ಲಿ ಬೆಳಿಗ್ಗೆ ಸೆಷನ್, ಸಂಜೆ ಮೇಲೆ ಸೆಷನ್, ಮಧ್ಯಾಹ್ನ ಪೂರ್ತಿ ಖಾಲಿ ಬಿಡ್ತಾರೆ, ಜನ ಮಾತಾಡ್ಕೊಳ್ಲಿ ಅಂತಾನೇ. ರೆಕಾರ್ಡ್ ಮಾಡಂಗಿಲ್ಲ, ಅಲ್ಲಿ ಕೇಳಿದ್ದನ್ನ ಹೊರಗೆ ಬರೆಯಂಗಿಲ್ಲ. ನಮ್ಮಲ್ಲಿ ಉಲ್ಟಾ. ದೀಪ, ಹಾರ, ಶಾಲು, ವೇದಿಕೆ ಮೇಲಿರೋರ ಹೆಸರೆಲ್ಲ ಒಂದೊಂದಾಗಿ ಹೇಳಿ ಸ್ವಾಗತ, ಅಷ್ಟೊತ್ತಿಗೆ ಹನ್ನೊಂದೂವರೆ. ಆದ್ರೂ ಟೀ ಬ್ರೇಕು, ಊಟದ ಲೈನು, ಕಾರಿಡಾರು ನಮ್ಮಲ್ಲೂ ಇರ್ತವಲ್ಲ, ನೀವು ಫೀಸ್ ಕಟ್ಟೋದು ಅದಕ್ಕೇ ಅಂದ್ಕೊಳ್ರಿ.

ದಿನಾ ಹತ್ತು ಮೇಲ್ ಬರ್ತವೆ, "ಡಿಯರ್ ಎಮಿನೆಂಟ್ ಪ್ರೊಫೆಸರ್" ಅಂತ. ಯಾವುದು ಅಸಲಿ ಯಾವುದು ನಕಲಿ?

ನಿಮ್ಮನ್ನ ಎಮಿನೆಂಟ್ ಅಂತ ಕರ್ದ್ರು ಅಂದ್ರೇನೇ ಡೌಟ್ ಪಡ್ರಿ. ಒಂದೇ ಕಾನ್ಫರೆನ್ಸಲ್ಲಿ ಇಂಜಿನಿಯರಿಂಗ್, ಮೆಡಿಸಿನ್, ಮ್ಯಾನೇಜ್‌ಮೆಂಟ್, ಯೋಗ ಎಲ್ಲಾ ಇದ್ರೆ, ಪೇಪರ್ ಕಳ್ಸಿದ ಎರಡೇ ದಿನಕ್ಕೆ ಅಕ್ಸೆಪ್ಟ್ ಆದ್ರೆ, "ಸ್ಕೋಪಸ್ ಗ್ಯಾರಂಟಿ" ಅಂತ ದಪ್ಪ ಅಕ್ಷರದಲ್ಲಿ ಬರ್ದಿದ್ರೆ ಹತ್ರಾನೂ ಹೋಗ್ಬೇಡ್ರಿ. ಸ್ಕೋಪಸ್ ಅಂದ್ರೆ ರಿಸರ್ಚ್ ಪೇಪರ್‌ಗಳ ಒಂದು ದೊಡ್ಡ ಡೇಟಾಬೇಸು, ಅದಕ್ಕೆ ಏನ್ ಸೇರ್ಸ್ಬೇಕು ಅಂತ ತೀರ್ಮಾನ ಮಾಡೋದು ಸ್ಕೋಪಸ್ಸಿನೋರು, ಸಂಘಟಕರಲ್ಲ, ಗ್ಯಾರಂಟಿ ಕೊಡೋಕೆ ಇವರ್ಯಾರು?

ಚೆಕ್ ಮಾಡೋದು ಕಷ್ಟ ಏನಿಲ್ಲ. ಕಮಿಟಿ ಲಿಸ್ಟಲ್ಲಿರೋ ಒಬ್ಬ ಪ್ರೊಫೆಸರಿಗೆ ಅವರ ಯೂನಿವರ್ಸಿಟಿ ಮೇಲ್‌ಗೇ ಒಂದು ಸಾಲು ಬರ್ದು ಕೇಳ್ರಿ, "ಸರ್ ಇದ್ರಲ್ಲಿ ನೀವಿದೀರಾ" ಅಂತ. ತನ್ನ ಹೆಸರು ಅಲ್ಲಿರೋದೇ ಗೊತ್ತಿಲ್ಲ ಅನ್ನೋರು ಸಿಗ್ತಾರೆ. ಐಟ್ರಿಪಲ್‌ಇ (ಇಂಜಿನಿಯರ್‌ಗಳ ಅಂತರರಾಷ್ಟ್ರೀಯ ಸಂಸ್ಥೆ) ಹೆಸರು ಹಾಕ್ಕೊಂಡಿದ್ರೆ ಐಟ್ರಿಪಲ್‌ಇ ಸ್ವಂತ ವೆಬ್‌ಸೈಟಿನ ಕಾನ್ಫರೆನ್ಸ್ ಪಟ್ಟೀಲಿ ಅದು ಐತಾ ನೋಡ್ರಿ. ಹಿಂದಿನ ವರ್ಷದ ಪ್ರೊಸೀಡಿಂಗ್ಸ್, ಅಂದ್ರೆ ಅಲ್ಲಿ ಬಂದ ಪೇಪರ್‌ಗಳ ಸಂಗ್ರಹ, ತೆಗೆದು ಎರಡು ಪೇಪರ್ ಓದಿದ್ರೆ ಮಟ್ಟ ತಾನಾಗೇ ಗೊತ್ತಾಗುತ್ತೆ. "ಥಿಂಕ್ ಚೆಕ್ ಅಟೆಂಡ್" ಅಂತ ಫ್ರೀ ಚೆಕ್‌ಲಿಸ್ಟ್ ಇರೋ ಸೈಟೂ ಐತೆ.

ಇವೆಲ್ಲಕ್ಕಿಂತ ಸುಲಭದ ಪರೀಕ್ಷೆ ಅಂದ್ರೆ, ನಿಮ್ಮ ಫೀಲ್ಡಲ್ಲಿ ನೀವು ಗೌರವ ಕೊಡೋ ಇಬ್ರು ಅಲ್ಲಿಗೆ ಹೋಗ್ತಾರಾ? ಹೋಗ್ತಾರೆ ಅಂದ್ರೆ ಹೋಗ್ರಿ.

ಫೀಸ್ ತುಂಬಾ ಆಯ್ತು. ಕಮ್ಮಿ ಮಾಡ್ಕೊಳ್ಳೋಕೆ ದಾರಿ ಐತಾ?

ಅರ್ಲಿ ಬರ್ಡ್ ಅಂತ ಒಂದು ಡೇಟ್ ಇರುತ್ತೆ, ನಮ್ಮೋರು ಪ್ರಿನ್ಸಿಪಾಲ್ ಸಹಿ ಆಗ್ಲಿ ಅಂತ ಕಾಯ್ತಾ ಅದನ್ನ ದಾಟಿಸ್ಬಿಡ್ತಾರೆ. ಸಹಿ ಫೈಲ್ ಮೊದ್ಲೇ ಓಡ್ಸ್ರಿ. ಆಮೇಲೆ ಕಾನ್ಫರೆನ್ಸ್ ನಡೆಸೋ ಸೊಸೈಟಿಯ ಮೆಂಬರ್‌ಶಿಪ್ ತಗೊಂಡ್ರೆ ಫೀಸ್ ಎಷ್ಟು ಇಳಿಯುತ್ತೆ ಅಂತ ಲೆಕ್ಕ ಹಾಕ್ರಿ, ಎಷ್ಟೋ ಸಲ ಮೆಂಬರ್‌ಶಿಪ್ ದುಡ್ಡು ಅದ್ರಲ್ಲೇ ವಾಪಸ್ ಬರುತ್ತೆ. ಸ್ಟೂಡೆಂಟ್ಸ್ ಆದ್ರೆ ವಾಲಂಟಿಯರ್ ಆಗೋಕೆ ಬರ್ತೀನಿ ಅಂತ ಮೇಲ್ ಹಾಕ್ರಿ, ರಿಜಿಸ್ಟ್ರೇಷನ್ ಕೌಂಟರಲ್ಲಿ ಕೂತೋನಿಗೆ ಸಿಗೋ ಪರಿಚಯ ಫೀಸ್ ಕಟ್ಟಿ ಬಂದೋನಿಗೆ ಸಿಗಲ್ಲ.

ಫೀಸ್ ಕೆಳಗೆ ಸಣ್ಣಕ್ಷರದಲ್ಲಿ "ಜಿಎಸ್‌ಟಿ ಪ್ರತ್ಯೇಕ" ಅಂತ ಇದ್ರೆ 18% ಸೇರ್ಸಿ ನೋಡ್ಕೊಳ್ರಿ, ಹತ್ತು ಸಾವಿರ ಅಂದಿದ್ದು ಹನ್ನೊಂದು ಸಾವಿರದ ಎಂಟ್ನೂರು ಆಗುತ್ತೆ. ಸ್ವಂತ ಫರ್ಮ್ ಇರೋರು ಇನ್ನೊಂದು ವಿಷಯ ಗಮನಿಸ್ರಿ: ಇಂಥ ಕಾರ್ಯಕ್ರಮದ ಪ್ರವೇಶಕ್ಕೆ ಟ್ಯಾಕ್ಸ್ ಬೀಳೋದು ಕಾರ್ಯಕ್ರಮ ನಡೆಯೋ ರಾಜ್ಯದ ಲೆಕ್ಕದಲ್ಲಿ, ಪುಣೆಯಲ್ಲಿ ನಡೆದ್ರೆ ಅದು ಮಹಾರಾಷ್ಟ್ರದ ಜಿಎಸ್‌ಟಿ, ದಾವಣಗೆರೆ ಜಿಎಸ್‌ಟಿ ನಂಬರ್ ಕೊಟ್ಟು ಕಟ್ಟಿದ ಟ್ಯಾಕ್ಸಿಗೆ ಕ್ರೆಡಿಟ್ ತಗೋತೀನಿ ಅಂದ್ರೆ ಸಿಗೋದು ಕಷ್ಟ. ಬೆಂಗಳೂರಲ್ಲಾದ್ರೆ ಆ ತಾಪತ್ರಯ ಇಲ್ಲ, ಜಿಎಸ್‌ಟಿ ನಂಬರ್ ಹಾಕಿರೋ ಇನ್ವಾಯ್ಸೇ ಕೇಳಿ ತಗೊಳ್ರಿ.

ಓಓಡಿ (ಡ್ಯೂಟಿ ಮೇಲೆ ಹೊರಗೆ ಹೋಗೋ ಪರ್ಮಿಷನ್), ಟಿಎ (ಪ್ರಯಾಣ ಭತ್ಯೆ) ಬಿಲ್ಲು ಇದ್ಕೆಲ್ಲ ಏನೇನ್ ಇಟ್ಕೋಬೇಕು?

ಇನ್ವಿಟೇಷನ್ ಅಥವಾ ಅಕ್ಸೆಪ್ಟೆನ್ಸ್ ಲೆಟರ್, ಫೀಸ್ ರಸೀದಿ, ಅಟೆಂಡೆನ್ಸ್ ಸರ್ಟಿಫಿಕೇಟ್, ಟಿಕೆಟ್, ರೂಮ್ ಬಿಲ್. ಬಸ್ ಟಿಕೆಟ್ ವಿಷಯದಲ್ಲಿ ಹುಷಾರು, ಕಂಡಕ್ಟರ್ ಮಷಿನಿಂದ ಬರೋ ಆ ಪೇಪರ್ ಪರ್ಸಲ್ಲಿಟ್ರೆ ಅಕ್ಷರ ಮಾಸಿ ಬೆಳ್ಳಗಾಗುತ್ತೆ, ಅಕೌಂಟ್ಸ್ ಸೆಕ್ಷನ್ನೋರು ಅದನ್ನ ಬೆಳಕಿಗೆ ಹಿಡ್ದು ಹಿಡ್ದು ನೋಡಿ ವಾಪಸ್ ಕೊಡ್ತಾರೆ. ಇಳಿದ ತಕ್ಷಣ ಫೋಟೋ ತೆಗೀರಿ, ಊರಿಗೆ ಬಂದ್ಮೇಲೆ ಜೆರಾಕ್ಸ್ ಮಾಡ್ಸಿ ಬಿಲ್ಲಿಗೆ ಪಿನ್ ಮಾಡ್ರಿ. ಮೇಡಂಗಳು ಶಕ್ತಿ ಯೋಜನೆಯಲ್ಲಿ ಜೀರೋ ಟಿಕೆಟ್ ತಗೊಂಡು ಹೋದ್ರೆ ಟಿಎ ಕ್ಲೇಮ್ ಮಾಡೋಕೆ ಏನೂ ಇರಲ್ಲ, ಅದೂ ಒಂದು ಉಳಿತಾಯವೇ.

ಬೆಂಗಳೂರಲ್ಲಿ ಒಂಬತ್ತಕ್ಕೆ ಶುರು. ಬೆಳಿಗ್ಗೆ ಎದ್ದು ಹೊರಟ್ರೆ ಆಗಲ್ವಾ?

ಆಗಲ್ಲ. ದಾವಣಗೆರೆಯಿಂದ ಬೆಂಗಳೂರಿಗೆ ರೋಡಲ್ಲಿ ಹತ್ರ ಹತ್ರ 260 ಕಿಲೋಮೀಟರ್, ದುರ್ಗದಿಂದ 200. ಹೈವೇ ಚೆನ್ನಾಗೈತೆ ನಿಜ, ಆದ್ರೆ ನೆಲಮಂಗಲ ದಾಟಿದ ಮೇಲೆ ನಿಮ್ಮ ಟೈಮ್ ನಿಮ್ಮ ಕೈಲಿರಲ್ಲ. ಧಾರವಾಡದ ವಂದೇ ಭಾರತ್ 2023ರ ಜೂನಿಂದ ಓಡ್ತಾ ಐತೆ, ಅದು ಬೆಂಗಳೂರಿಂದ ಬೆಳಿಗ್ಗೆ ಹೊರಟು ಮಧ್ಯಾಹ್ನದ ಮೇಲೆ ನಮ್ಮೂರ ಮೂಲಕ ವಾಪಸ್ ಹೋಗೋದು, ಬೆಂಗಳೂರು ಮುಟ್ಟೋದು ಸಂಜೆ. ಹಿಂದಿನ ದಿನ ಹೋಗೋರಿಗೆ ಅದು ಒಳ್ಳೇದು, ಯಶವಂತಪುರದಲ್ಲೂ ನಿಲ್ಲುತ್ತೆ. ದುರ್ಗದೋರಿಗೆ ತುಮಕೂರು-ದಾವಣಗೆರೆ ನೇರ ಲೈನ್ ಆಗೋವರೆಗೂ ಬಸ್ಸೇ ಗತಿ.

ಇನ್ನೊಂದು ವಿಷಯ, ಕಾನ್ಫರೆನ್ಸ್ ಇರೋದು ತುಮಕೂರು ರಸ್ತೆಯ ಎಕ್ಸಿಬಿಷನ್ ಸೆಂಟರ್ ಬಿಐಇಸಿಯಲ್ಲಾದ್ರೆ ಮೆಜೆಸ್ಟಿಕ್‌ವರೆಗೂ ಹೋಗಿ ವಾಪಸ್ ಬರೋ ದಂಡದ ಕೆಲಸ ಮಾಡ್ಬೇಡ್ರಿ, ನಮ್ಮ ಬಸ್ ಅದರ ಮುಂದೇನೇ ಹಾಯ್ದು ಹೋಗುತ್ತೆ. ಕಂಡಕ್ಟರಿಗೆ ಮೊದ್ಲೇ ಹೇಳಿಡ್ರಿ, ಅಲ್ಲಿ ಸ್ಟಾಪ್ ಇಲ್ಲ ಅಂದ್ರೆ ನೆಲಮಂಗಲದ ಹತ್ರ ಇಳ್ದು ಸಿಟಿ ಬಸ್ ಹಿಡೀರಿ. 2024ರ ನವೆಂಬರಿಂದ ಗ್ರೀನ್ ಲೈನ್ ಮೆಟ್ರೋ ಮಾದಾವರದವರೆಗೂ ಬಂದೈತೆ, ಬಿಐಇಸಿ ಅದರ ಪಕ್ಕದಲ್ಲೇ, ಹಂಗಾಗಿ ರೂಮನ್ನ ಯಶವಂತಪುರ, ಪೀಣ್ಯ, ದಾಸರಹಳ್ಳಿ ಕಡೆ ಹಿಡಿದ್ರೂ ನಡೆಯುತ್ತೆ. ವೈಟ್‌ಫೀಲ್ಡ್ ಕಡೆ ಇದ್ರೆ ಮಾತ್ರ ಆ ಕಡೇನೇ ಉಳ್ಕೊಳ್ರಿ, ಊರಿನ ಈ ತುದಿಯಿಂದ ಆ ತುದಿಗೆ ಹೋಗಿ ಸೇರೋಷ್ಟರಲ್ಲಿ ಮೊದಲ ಸೆಷನ್ ಮುಗ್ದಿರುತ್ತೆ. ಚಿಕ್ಕಪ್ಪನ ಮನೆ ರಾಜರಾಜೇಶ್ವರಿ ನಗರದಲ್ಲೈತೆ ಅಂತ ಅಲ್ಲಿಂದ ವೈಟ್‌ಫೀಲ್ಡಿಗೆ ಓಡಾಡೋರಿದಾರೆ, ರೂಮಿನ ದುಡ್ಡು ಉಳಿಯುತ್ತೆ, ಕಾನ್ಫರೆನ್ಸ್ ಉಳಿಯಲ್ಲ. ಚಿಕ್ಕಮ್ಮ ಮಾಡಿದ ತಿಂಡಿ ತಿಂದೇ ಹೋಗ್ಬೇಕಲ್ಲ ಮತ್ತೆ.

ಹೋಗೋ ಮುಂಚೆ ತಯಾರಿ ಅಂತ ಏನ್ ಮಾಡ್ಬೇಕು?

ಪ್ರೋಗ್ರಾಂ ಶೀಟ್ ಬಂದ ದಿನಾನೇ ಪ್ರಿಂಟ್ ತಗೊಂಡು ಪೆನ್ನಲ್ಲಿ ಗುರುತು ಹಾಕ್ರಿ. ಭಾಷಣಗಳಿಗಲ್ಲ, ಜನರಿಗೆ. ಮೂರ್ನಾಲ್ಕು ಜನ ಸಾಕು. ಅವರ ಒಂದೊಂದು ಪೇಪರಾದ್ರೂ ಓದ್ಕೊಂಡು, ಒಂದು ವಾರ ಮುಂಚೆ ಒಂದು ಚಿಕ್ಕ ಮೇಲ್: ನಾನಿಂಥೋನು, ದಾವಣಗೆರೆಯಿಂದ ಬರ್ತಿದೀನಿ, ನಿಮ್ಮ ಈ ಕೆಲಸದ ಬಗ್ಗೆ ಒಂದು ಪ್ರಶ್ನೆ ಐತೆ, ಎರಡನೇ ದಿನ ಟೀ ಟೈಮಲ್ಲಿ ಹತ್ತು ನಿಮಿಷ ಸಿಗ್ತೀರಾ. ಬಯೋಡೇಟಾ ಅಟ್ಯಾಚ್ ಮಾಡ್ಬೇಡ್ರಿ, ಕೆಲಸ ಕೇಳ್ಕೊಂಡ್ ಬಂದ ಅಂದ್ಕೋತಾರೆ. ಉತ್ತರ ಬರದೇ ಇದ್ರೂ ಬೇಜಾರ್ ಬೇಡ, ಅಲ್ಲಿ ಎದುರಿಗೆ ಸಿಕ್ಕಾಗ "ಮೇಲ್ ಹಾಕಿದ್ದೆ ಸರ್" ಅನ್ನೋಕೆ ಒಂದು ನೆಪ ಆಯ್ತಲ್ಲ.

ನಂಗೆ ಇಂಗ್ಲಿಷ್ ಅಷ್ಟು ಸಲೀಸಾಗಿ ಬರಲ್ಲ, ಮಾತಾಡೋಕೇ ಹಿಂಜರಿಕೆ ಆಗುತ್ತೆ.

ಈ ಪ್ರಶ್ನೆ ಕೇಳದಿರೋರೇ ಇಲ್ಲ, ಡಾಕ್ಟರೇಟ್ ಆದೋರೂ ಕೇಳ್ತಾರೆ. ಒಂದು, ಅಲ್ಲಿಗೆ ಬಂದಿರೋ ತಮಿಳ್ನಾಡಿನೋರು, ಒಡಿಶಾದೋರು, ಜಪಾನಿನೋರು ಎಲ್ಲಾರ್ದೂ ಅದೇ ಕಥೆ, ಯಾರೂ ನಿಮ್ಮ ಗ್ರಾಮರ್ ತಿದ್ದೋಕೆ ಬಂದಿಲ್ಲ. ಎರಡು, ಬೆಂಗಳೂರಲ್ಲಿ ನಡೆಯೋದ್ರಲ್ಲಿ ಸಂಘಟಕರು, ಸೆಷನ್ ಚೇರ್‌ಗಳು ಎಷ್ಟೋ ಜನ ಕನ್ನಡದೋರೇ ಇರ್ತಾರೆ, ಬ್ಯಾಡ್ಜ್ ಮೇಲೆ ಹೆಸರು ನೋಡಿದ್ರೆ ಗೊತ್ತಾಗುತ್ತೆ, "ಸರ್ ನಮಸ್ಕಾರ, ನಮ್ದು ದಾವಣಗೆರೆ" ಅಂದ್ರೆ ಮುಖ ಅರಳುತ್ತೆ, "ಓ ಬೆಣ್ಣೆ ದೋಸೆ" ಅಂತಾರೆ, ಅಲ್ಲಿಂದ ಮಾತು ಶುರು. ಬೆಣ್ಣೆ ದೋಸೆ ನಮಗೆ ಮಾಡಿಕೊಟ್ಟಷ್ಟು ಪರಿಚಯ ಯಾವ ವಿಸಿಟಿಂಗ್ ಕಾರ್ಡೂ ಮಾಡಿಕೊಟ್ಟಿಲ್ಲ ಬಿಡ್ರಿ.

ಮೂರನೇದು ಸ್ವಲ್ಪ ಪ್ರಾಕ್ಟೀಸ್. ನಿಮ್ಮ ಕೆಲಸ ಏನು ಅಂತ ನಾಲ್ಕು ಸಾಲು ಇಂಗ್ಲಿಷಲ್ಲಿ ಬರ್ದು, ಜೋರಾಗಿ ಹೇಳಿ ರೂಢಿ ಮಾಡ್ಕೊಳ್ರಿ. ಬಾಯಿಪಾಠ ಹೊಡ್ದು ಒಪ್ಪಿಸ್ಬೇಡ್ರಿ, ಬಾಯಲ್ಲಿ ಆಡಿ ಅಭ್ಯಾಸ ಇರ್ಲಿ ಅಷ್ಟೇ.

ಗುರುತಿಲ್ಲದ ದೊಡ್ಡ ಮನುಷ್ಯರ ಹತ್ರ ಮಾತು ಹೆಂಗೆ ಶುರು ಮಾಡೋದು?

"ಸರ್ ಯುವರ್ ಟಾಕ್ ವಾಸ್ ವೆರಿ ನೈಸ್" ಅನ್ನೋದ್ರಿಂದ ಮಾತ್ರ ಬೇಡ. ಅವರಿಗೆ ಬೆಳಿಗ್ಗೆಯಿಂದ ಅದನ್ನ ಕೇಳಿ ಕೇಳಿ ಸಾಕಾಗಿರುತ್ತೆ, "ಥ್ಯಾಂಕ್ಯೂ" ಅಂದು ಮುಂದೆ ಹೋಗ್ತಾರೆ.

ನಮ್ಮ ನೆಲದ ವಿಷಯ ತೆಗೀರಿ. ಇದನ್ನ ನಾನು ಎಲ್ಲಾರ್ಗೂ ಹೇಳ್ತೀನಿ. ದೊಡ್ಡ ಊರಿನ ದೊಡ್ಡ ಇನ್‌ಸ್ಟಿಟ್ಯೂಟಿನೋರ ಹತ್ರ ಮಾಡೆಲ್ ಇರುತ್ತೆ, ಸಾಫ್ಟ್‌ವೇರ್ ಇರುತ್ತೆ, ಗ್ರಾಂಟ್ ಇರುತ್ತೆ, ಫೀಲ್ಡ್ ಇರಲ್ಲ. ಫೀಲ್ಡ್ ನಮ್ಮ ಹತ್ರ ಐತೆ. ನಮ್ಮ ಕಡೆಯ ಸಿವಿಲ್ ಹುಡುಗ ಒಬ್ಬ, ತುಂಬಾ ಸಂಕೋಚದೋನು, ಹೈಡ್ರಾಲಜಿ ಕಾನ್ಫರೆನ್ಸ್ ಒಂದರಲ್ಲಿ ಊಟದ ಲೈನಲ್ಲಿ ಒಬ್ಬ ಹಿರಿಯ ಪ್ರೊಫೆಸರ್ ಹಿಂದೆ ನಿಂತಿದ್ದ. ಅವ್ರು ಸಾರು ಹಾಕಿಸ್ಕೊಳ್ತಾ ಇದ್ರು. ಇವ್ನು ಹಿಂದಿಂದ, "ಸರ್, ನಮ್ದು ಹಿರಿಯೂರು, ವಾಣಿ ವಿಲಾಸ ಸಾಗರ 2022ರಲ್ಲಿ ಕೋಡಿ ಬಿತ್ತಲ್ಲ, 1933 ಆದ್ಮೇಲೆ ಅದೇ ಫಸ್ಟು, ಆಮೇಲಿಂದ ನಮ್ಮ ತೋಟದ ಸುತ್ತಮುತ್ತ ಬೋರ್‌ಗಳ ನೀರಿನ ಮಟ್ಟ ಬರ್ದಿಡ್ತಾ ಇದೀನಿ" ಅಂದ. ಅವ್ರು ಸೌಟು ಹಿಡ್ದಿರೋನಿಗೆ ಸಾಕು ಅಂತ ಕೈ ಅಡ್ಡ ಹಿಡ್ದು ಪೂರ್ತಿ ಇವನ ಕಡೆ ತಿರುಗಿ, "ಬರ್ದಿಡ್ತಾ ಇದೀಯಾ? ಎಷ್ಟು ದಿನಕ್ಕೊಂದ್ಸಲ? ಯಾವುದರಲ್ಲಿ ಅಳೀತೀಯಾ?" ಅಂತ ಶುರು ಮಾಡಿದ್ರು. ಟೇಪಿನ ತುದಿಗೆ ಕಬ್ಬಿಣದ ನಟ್ ಕಟ್ಟಿ ಬಿಡ್ತೀನಿ ಅಂದ ಇವ್ನು, ಮೋಟಾರ್ ಆಫ್ ಮಾಡಿ ಎಷ್ಟೊತ್ತು ಬಿಟ್ಟು ಅಳೀತೀಯ ಅಂದ್ರು ಅವ್ರು, ಅನ್ನ ಆರಿ ತಣ್ಣಗಾಯ್ತು. ಈಗ ಆ ನೋಟ್‌ಬುಕ್ಕಿನ ಲೆಕ್ಕ ಎಕ್ಸೆಲ್ಲಿಗೆ ಏರಿ ಅವರ ಲ್ಯಾಬಿಗೆ ಹೋಗ್ತಾ ಐತೆ.

ಎಲ್ಲಾ ಫೀಲ್ಡಿಗೂ ಇಂಥದ್ದು ಇದ್ದೇ ಇರುತ್ತೆ. ಡಾಕ್ಟ್ರಾದ್ರೆ ಬೋರ್‌ವೆಲ್ ನೀರಿನ ಫ್ಲೋರೈಡ್, ಹಲ್ಲಿನ ಡಾಕ್ಟ್ರಿಗಂತೂ ಅದು ದಿನಾ ನೋಡೋ ಕೇಸು. ಎಲೆಕ್ಟ್ರಿಕಲ್‌ನೋರಿಗೆ ದುರ್ಗದ ಸುತ್ತ ಗುಡ್ಡದ ಮೇಲಿನ ಗಾಳಿ ಯಂತ್ರಗಳು. ಅಗ್ರಿಯೋರಿಗೆ ದಾವಣಗೆರೆ ಮೆಕ್ಕೆಜೋಳ, ಚನ್ನಗಿರಿ ಅಡಿಕೆ, ಚಳ್ಳಕೆರೆ ಶೇಂಗಾ. ಕಾಮರ್ಸ್‌ನೋರಿಗೆ ನಮ್ಮ ಎಪಿಎಂಸಿ, ಮುಚ್ಚಿ ಹೋದ ಹತ್ತಿ ಮಿಲ್ಲುಗಳು. ನೀರಾವರಿ ಅಂದ್ರೆ ಭದ್ರಾ ನಾಲೆ ಕೊನೆ ಭಾಗದ ರೈತರ ಗೋಳು, ಸೂಳೆಕೆರೆ ಹೂಳು. ಇವು ನಮಗೆ ದಿನ ಬೆಳಗಾದ್ರೆ ಕಾಣೋವು, ಅದಕ್ಕೇ ಏನು ಮಹಾ ಅನ್ಸುತ್ತೆ, ಆದ್ರೆ ಅಲ್ಲಿರೋರು ಇದನ್ನ ಕೇಳೋಕೇ ಕಾಯ್ತಿರ್ತಾರೆ.

ಪ್ರಶ್ನೋತ್ತರ ಟೈಮಲ್ಲಿ ಕೈ ಎತ್ತಬೇಕಾ?

ಎತ್ರಿ, ಆದ್ರೆ ಪ್ರಶ್ನೆ ಕೇಳ್ರಿ, ಪ್ರವಚನ ಬೇಡ. ಹೆಸರು, ಊರು, ಒಂದೇ ಪ್ರಶ್ನೆ, ಮೈಕ್ ವಾಪಸ್. ಹೆಸರು ಊರು ಹೇಳೋದು ಯಾಕಂದ್ರೆ ಅದನ್ನ ಕೇಳಿ ಆಮೇಲೆ ಟೀ ಟೈಮಲ್ಲಿ ಯಾರೋ ನಿಮ್ಮನ್ನ ಹುಡ್ಕೊಂಡು ಬರ್ತಾರೆ. ಪಾಪದ ಪಿಎಚ್‌ಡಿ ಹುಡುಗಿ ನಡುಗ್ತಾ ಪ್ರೆಸೆಂಟ್ ಮಾಡಿರ್ತಾಳೆ, ಅವಳನ್ನ ಸಿಕ್ಕಾಕ್ಸೋಕೆ ಅಂತಾನೇ ಎದ್ದು ನಿಲ್ಲೋ ಹಿರಿಯರು ಇರ್ತಾರೆ ನೋಡ್ರಿ, ಅವರ ಸಾಲಿಗೆ ಸೇರ್ಬೇಡ್ರಿ.

ಸೆಷನ್ ಬೋರಾದ್ರೆ ಮಧ್ಯ ಎದ್ದು ಹೋಗೋದು ಮರ್ಯಾದೆನಾ?

ಹಿಂದೆ, ಬಾಗಿಲ ಪಕ್ಕ ಕೂತ್ಕೊಳ್ರಿ, ಒಬ್ಬರ ಮಾತು ಮುಗ್ದು ಇನ್ನೊಬ್ಬರದು ಶುರುವಾಗೋ ಗ್ಯಾಪಲ್ಲಿ ಏಳ್ರಿ, ಯಾರೂ ಏನೂ ಅಂದ್ಕೊಳ್ಳಲ್ಲ. 1980ರ ದಶಕದಲ್ಲಿ ಹ್ಯಾರಿಸನ್ ಓವೆನ್ ಅನ್ನೋರು ಓಪನ್ ಸ್ಪೇಸ್ ಅಂತ ಒಂದು ಥರದ ಸಭೆ ಶುರು ಮಾಡಿದ್ರು, ಅದರಲ್ಲಿ ಇದನ್ನ ನಿಯಮಾನೇ ಮಾಡಿದಾರೆ: ಕಲಿಯೋದೂ ಇಲ್ಲ ಕಲಿಸೋದೂ ಇಲ್ಲ ಅನ್ಸಿದ್ರೆ ನಿಮ್ಮ ಎರಡು ಕಾಲು ಉಪಯೋಗಿಸಿ ಬೇರೆ ಕಡೆ ಹೋಗಿ ಅಂತ. ನಮ್ಮ ಕಡೆ ಇಷ್ಟು ಸಲೀಸಿಲ್ಲ, ನಿಮ್ಮ ಎಚ್‌ಒಡಿ ಮುಂದಿನ ಸಾಲಲ್ಲಿದ್ರೆ ಕೂತಿರ್ರಿ.

ನಾವು ಡಿಪಾರ್ಟ್‌ಮೆಂಟಿಂದ ಆರು ಜನ ಒಟ್ಟಿಗೆ ಹೋಗ್ತಿದೀವಿ. ಒಳ್ಳೇದಲ್ವಾ?

ಟ್ರಾವೆಲಿಗೆ ಒಳ್ಳೇದು, ಕ್ರೂಸರ್ ಬಾಡಿಗೆ ಹಂಚ್ಕೋಬಹುದು. ಹಾಲ್ ಒಳಗೆ ಹೋದ್ಮೇಲೆ ಬೇರೆ ಬೇರೆ ಆಗ್ಬಿಡ್ರಿ. ಆರೂ ಜನ ಒಂದೇ ಸಾಲಲ್ಲಿ ಕೂತು, ಒಂದೇ ಟೇಬಲಲ್ಲಿ ಉಂಡು, ಸಂಜೆ ಕಮರ್ಷಿಯಲ್ ಸ್ಟ್ರೀಟ್ ಸುತ್ತಿ, ದಾರೀಲಿ ಪ್ರಿನ್ಸಿಪಾಲರ ಬಗ್ಗೆ ಮಾತಾಡ್ಕೊಂಡು ವಾಪಸ್ ಬಂದ್ರೆ, ಅದು ಮದುವೆಗೆ ಹೋಗಿ ಬೀಗರ ಮುಖಾನೂ ನೋಡ್ದೆ ನಮ್ಮ ಮನೆಯೋರ ಜೊತೇಲೇ ಉಂಡು ಬಂದಂಗೆ. ಒಬ್ಬೊಬ್ರು ಒಂದೊಂದು ಪ್ಯಾರಲಲ್ ಸೆಷನ್ ಹಂಚ್ಕೊಳ್ರಿ, ರಾತ್ರಿ ರೂಮಲ್ಲಿ ಏನ್ ಸಿಕ್ತು ಅಂತ ಒಬ್ಬರಿಗೊಬ್ಬರು ಹೇಳ್ಕೊಳ್ರಿ. ಊಟಕ್ಕೆ ಮಾತ್ರ ಕಡ್ಡಾಯವಾಗಿ ಗುರುತಿಲ್ಲದೋರ ಟೇಬಲ್.

ಪೋಸ್ಟರ್ ಪ್ರೆಸೆಂಟೇಷನ್ ಸಿಕ್ಕೈತೆ, ಓರಲ್ ಸಿಗ್ಲಿಲ್ಲ ಅಂತ ಬೇಜಾರು.

ನನ್ನ ಕೇಳಿದ್ರೆ ಪೋಸ್ಟರೇ ವಾಸಿ. ಓರಲ್ ಅಂದ್ರೆ ಹತ್ತು ನಿಮಿಷ ಹೇಳಿ ಇಳೀತೀರ, ಅರ್ಧ ಜನ ಫೋನ್ ನೋಡ್ತಿರ್ತಾರೆ. ಪೋಸ್ಟರ್ ಹತ್ರ ಬಂದು ನಿಲ್ಲೋನು ಆಸಕ್ತಿ ಇದ್ದೇ ಬಂದಿರ್ತಾನೆ.

ಸೈಜ್ ಸರಿಯಾಗಿ ಕೇಳ್ಕೊಳ್ರಿ. ಎ-0 ಅಂದ್ರೆ 841 ಬೈ 1189 ಮಿಲಿಮೀಟರ್, ಎ-1 ಅದರ ಅರ್ಧ, ಮತ್ತೆ ಉದ್ದಕ್ಕಾ ಅಡ್ಡಕ್ಕಾ ಅನ್ನೋದೂ ಮುಖ್ಯ, ಉದ್ದನೆ ಬೋರ್ಡಿಗೆ ಅಡ್ಡ ಪೋಸ್ಟರ್ ತಂದು ಎರಡೂ ಕಡೆ ಜೋತಾಡಿಸ್ಕೊಂಡು ನಿಂತಿರೋರು ಪ್ರತಿ ಕಾನ್ಫರೆನ್ಸಲ್ಲೂ ಇರ್ತಾರೆ. ಪ್ರಿಂಟ್ ನಮ್ಮೂರಲ್ಲೇ ಹೊರಡೋ ಎರಡು ದಿನ ಮುಂಚೆ ಹಾಕಿಸ್ರಿ, ಎಲೆಕ್ಷನ್ ಟೈಮು, ಗಣಪತಿ ಹಬ್ಬದ ಟೈಮಾದ್ರೆ ಇನ್ನೂ ಮುಂಚೆ, ಫ್ಲೆಕ್ಸ್ ಅಂಗಡಿಯೋರು ಆಗ ಕೈಗೆ ಸಿಗಲ್ಲ. ಮತ್ತೆ ಅಂಗಡಿ ಹುಡುಗನಿಗೆ ಡಿಸೈನ್ ಬಿಡ್ಬೇಡ್ರಿ, ಅವ್ನು ಅಭ್ಯಾಸ ಬಲದಿಂದ ಕೇಸರಿ ಹಳದಿ ಶೇಡ್ ಕೊಟ್ಟು ನಿಮ್ಮ ಹೆಸರನ್ನ "ಹಾರ್ದಿಕ ಶುಭಾಶಯಗಳು" ಸೈಜಲ್ಲಿ ಹಾಕಿರ್ತಾನೆ. ಪಿಡಿಎಫ್ ನೀವೇ ಮಾಡಿ ಕೊಡ್ರಿ.

ಒಳಗೆ ಪೂರ್ತಿ ಪೇಪರ್ ತುರುಕಬೇಡ್ರಿ. ದೊಡ್ಡದಾಗಿ ಏನ್ ಗೊತ್ತಾಯ್ತು ಅನ್ನೋ ಒಂದು ಸಾಲು, ಎರಡು ಮೂರು ಗ್ರಾಫು, ಸೈಟಿನ ಒಂದು ಫೋಟೋ. ನಮ್ಮ ಜಿಲ್ಲೆ ಮ್ಯಾಪ್ ಹಾಕಿದ್ರೆ ಜನ ನಿಂತು ನೋಡ್ತಾರೆ. ಪೋಸ್ಟರ್ ಟೈಮ್ ಮುಗಿಯೋವರೆಗೂ ಅದರ ಪಕ್ಕ ಬಿಟ್ಟು ಕದಲಬೇಡ್ರಿ, ನೀವು ಟೀಗೆ ಹೋದಾಗ್ಲೇ ಬರ್ಬೇಕಾದೋರು ಬಂದು ಹೋಗ್ತಾರೆ.

ಪೇಪರ್ ಅಕ್ಸೆಪ್ಟ್ ಆಗೈತೆ, ಫೀಸೂ ಕಟ್ಟಿದೀನಿ, ಹೋಗದೇ ಇದ್ರೆ ನಡೆಯುತ್ತಾ?

ಕೆಲವು ಕಡೆ ನಡೆಯಲ್ಲ. ಐಟ್ರಿಪಲ್‌ಇ ಕಾನ್ಫರೆನ್ಸಲ್ಲಿ ಯಾರೂ ಪ್ರೆಸೆಂಟ್ ಮಾಡದ ಪೇಪರನ್ನ ತಮ್ಮ ಆನ್‌ಲೈನ್ ಎಕ್ಸ್‌ಪ್ಲೋರ್ ಲೈಬ್ರರಿಗೆ ಹಾಕದೇ ಬಿಡೋ ಹಕ್ಕು ಅವ್ರಿಗಿರುತ್ತೆ. ಹುಷಾರಿಲ್ಲ, ಮನೇಲಿ ಏನೋ ಆಯ್ತು ಅಂದ್ರೆ ಮೊದ್ಲೇ ಮೇಲ್ ಹಾಕಿ ಸಹಲೇಖಕರನ್ನ ಕಳ್ಸ್ರಿ.

ಕ್ರೆಡಿಟ್ ಅವರ್ಸಿಗೆ ಅಂತ ಹೋಗೋರು?

ಕರ್ನಾಟಕ ಮೆಡಿಕಲ್ ಕೌನ್ಸಿಲ್ ಡಾಕ್ಟ್ರಿಗೆ ಐದು ವರ್ಷಕ್ಕೆ 30 ಕ್ರೆಡಿಟ್ ಅವರ್ಸ್, ಅಂದ್ರೆ ಹೊಸದು ಕಲಿಯೋಕೆ ಕೂತ ಗಂಟೆಗಳ ಲೆಕ್ಕ, ಕೇಳುತ್ತೆ, ಪ್ರಾಕ್ಟೀಸ್ ಮಾಡೋ ಅರವತ್ತರೊಳಗಿನ ಸಿಎಗಳಿಗೆ ಮೂರು ವರ್ಷದ ಬ್ಲಾಕಿಗೆ 120 ಗಂಟೆ ಸಿಪಿಇ, ಅದೂ ಇಂಥದ್ದೇ ಕಲಿಕೆಯ ಲೆಕ್ಕ. ರಿಜಿಸ್ಟರ್ ಮಾಡೋ ಮುಂಚೆ ಈ ಕಾರ್ಯಕ್ರಮಕ್ಕೆ ಅವರ್ಸ್ ಮಂಜೂರಾಗೈತಾ ಅಂತ ಕೇಳ್ರಿ, ಬ್ರೋಷರಲ್ಲಿ "ಅಪ್ಲೈಡ್ ಫಾರ್" ಅಂತಿದ್ರೆ ಇನ್ನೂ ಆಗಿಲ್ಲ ಅಂತ ಅರ್ಥ. ಸಹಿ ಹಾಕಿ ಶಾಪಿಂಗಿಗೆ ಹೋಗೋರ ಬಗ್ಗೆ ನಾನೇನೂ ಹೇಳಲ್ಲ, ಕೊನೇ ವರ್ಷ ಎಲ್ಲಾ ಅವರ್ಸ್ ಒಟ್ಟಿಗೆ ಸೇರ್ಸೋಕೆ ಓಡಾಡೋರ ಪರದಾಟ ನೋಡಿದ್ರೆ ಸಾಕು.

ಸ್ಟಾಲ್‌ಗಳನ್ನ ನೋಡ್ಬೇಕಾ, ಬರೀ ಮಾರಾಟದೋರು ತಾನೇ?

ನೋಡ್ರಿ. ಲ್ಯಾಬಿಗೆ ಏನಾದ್ರೂ ಕೊಳ್ಳೋ ಪ್ಲಾನ್ ಇದ್ರೆ ಮೂರು ಕಂಪನಿ ರೇಟು ಒಂದೇ ಮಧ್ಯಾಹ್ನ ಸಿಗುತ್ತೆ, ಸರ್ವಿಸ್ ಇಂಜಿನಿಯರ್ ದಾವಣಗೆರೆಗೆ ಬರ್ತಾನಾ ಇಲ್ಲಾ ಮಷಿನನ್ನೇ ಬೆಂಗಳೂರಿಗೆ ಹೊತ್ಕೊಂಡ್ ಬರ್ಬೇಕಾ ಅಂತ ಮುಖ ನೋಡಿ ಕೇಳ್ಬಹುದು. ಫ್ರೀ ಬ್ಯಾಗು, ಪೆನ್ನಿಗೆ ಆಸೆ ಪಟ್ಟು ಎಲ್ಲಾ ಕಡೆ ಫೋನ್ ನಂಬರ್ ಬರೀಬೇಡ್ರಿ, ಆರು ತಿಂಗ್ಳು ಫೋನ್ ಮಾಡ್ತಾರೆ.

ಬಟ್ಟೆ, ವಿಸಿಟಿಂಗ್ ಕಾರ್ಡು?

ಇಸ್ತ್ರಿ ಮಾಡಿರೋ ಬಟ್ಟೆ, ನಡೆದಾಡೋಕೆ ಆಗೋ ಚಪ್ಲಿ ಅಥವಾ ಶೂ. ಎಸಿ ಹಾಲಲ್ಲಿ ಚಳಿ ಜಾಸ್ತಿ, ಒಂದು ಸ್ವೆಟರ್ ಇರ್ಲಿ. ಕಾರ್ಡ್ ಇದ್ರೆ ಒಳ್ಳೇದು, ಇಲ್ದಿದ್ರೆ ಫೋನಲ್ಲಿ ಲಿಂಕ್ಡ್‌ಇನ್ ಕ್ಯೂಆರ್ ಕೋಡ್ ತೋರ್ಸಿದ್ರೂ ಆಗುತ್ತೆ. ಬೇರೆಯೋರ ಕಾರ್ಡ್ ಸಿಕ್ಕ ಕೂಡ್ಲೇ ಹಿಂದೆ ಏನ್ ಮಾತಾಡಿದ್ರಿ ಅಂತ ಎರಡು ಪದ ಬರೀರಿ, ಮನೇಗೆ ಬಂದ್ಮೇಲೆ ಯಾರು ಯಾರು ಅಂತ ನೆನಪಿರಲ್ಲ.

ಹೆಣ್ಮಕ್ಳು ಒಬ್ರೇ ಹೋಗ್ಬೇಕಾದ್ರೆ?

ಸಂಘಟಕರಿಗೆ ಮೇಲ್ ಮಾಡಿ ಕ್ಯಾಂಪಸ್ ಗೆಸ್ಟ್ ಹೌಸ್ ಕೇಳ್ರಿ, ಮೊದ್ಲು ಕೇಳಿದೋರಿಗೆ ಮೊದ್ಲು. ರೂಮ್ ಹಂಚ್ಕೊಳ್ಳೋಕೆ ಬೇರೆ ಲೇಡಿ ಡೆಲಿಗೇಟ್ ಇದಾರಾ ಅಂತಾನೂ ಕೇಳ್ರಿ, ಹಂಗೆ ರೂಮ್‌ಮೇಟ್ ಆದೋರು ಮುಂದೆ ಸೇರಿ ಪೇಪರ್ ಬರೆದಿರೋ ಉದಾಹರಣೆ ನಂಗೇ ಗೊತ್ತೈತೆ. ರಾತ್ರಿ ಡಿನ್ನರ್ ತಡ ಆಗುತ್ತೆ, ವಾಪಸ್ ಹೋಗೋಕೆ ಗಾಡಿ ವ್ಯವಸ್ಥೆ ಐತಾ ಅಂತ ಬೆಳಿಗ್ಗೇನೇ ವಿಚಾರಿಸಿ ಇಟ್ಕೊಳ್ರಿ. ಮಗು ಇರೋರು ಹಾಲು ಕುಡ್ಸೋಕೆ ರೂಮ್ ಕೇಳೋಕೆ ಸಂಕೋಚ ಪಡ್ಬೇಡ್ರಿ, ಕೇಳಿದ್ರೆ ಒಂದು ರೂಮ್ ಹೊಂದಿಸ್ತಾರೆ, ಕೇಳದೇ ಇದ್ರೆ ಅವ್ರ ತಲೆಗೇ ಬಂದಿರಲ್ಲ.

ಆನ್‌ಲೈನ್ ಆಪ್ಷನ್ ಐತೆ, ಅದು ಸಾಲಲ್ವಾ?

ಪೇಪರ್ ಪಬ್ಲಿಷ್ ಆದ್ರೆ ಸಾಕು ಅನ್ನೋರಿಗೆ ಸಾಲುತ್ತೆ. ಕಾಲೇಜಲ್ಲೇ ಕೂತು ಅಟೆಂಡ್ ಮಾಡ್ತೀನಿ ಅಂದ್ರೆ ಮಾತ್ರ ಮಧ್ಯ ಮಧ್ಯ ಯಾರೋ ಬಂದು "ಸರ್, ಇಂಟರ್ನಲ್ಸ್ ಮಾರ್ಕ್ಸ್" ಅಂತಾರೆ. ಮನೇಲಿ ಕೂರ್ರಿ, ಇಲ್ಲಾ ಬಾಗಿಲು ಹಾಕ್ಕೊಳ್ರಿ.

ವಾಪಸ್ ಬಂದ ಮೇಲೆ ಏನ್ ಮಾಡ್ಬೇಕು?

ಮುಕ್ಕಾಲು ಪಾಲು ಜನ ಇಲ್ಲೇ ಕೈ ಬಿಡೋದು. ಬ್ಯಾಗ್ ಬಿಚ್ಚಿ, ಸರ್ಟಿಫಿಕೇಟ್ ಫೈಲಿಗೆ ಹಾಕಿ, ಮಾರನೇ ದಿನ ಕ್ಲಾಸಿಗೆ ಹೋದ್ರೆ ಮುಗೀತು, ಒಂದು ವಾರ ಆದ್ಮೇಲೆ ಅವ್ರಿಗೂ ನೀವು ನೆನಪಿರಲ್ಲ. ಬಸ್ಸಲ್ಲೋ ರೈಲಲ್ಲೋ ವಾಪಸ್ ಬರುವಾಗ್ಲೇ, ರೈಲಾದ್ರೆ ಅರಸೀಕೆರೆ, ಬಸ್ಸಾದ್ರೆ ಹಿರಿಯೂರು ದಾಟೋ ಮುಂಚೆ, ಮಾತಾಡಿಸಿದೋರಿಗೆಲ್ಲ ಒಂದೊಂದು ಮೇಲ್ ಡ್ರಾಫ್ಟ್ ಮಾಡ್ಬಿಡ್ರಿ. "ನೈಸ್ ಮೀಟಿಂಗ್ ಯೂ" ಅನ್ನೋ ಒಣ ಮೇಲ್ ಬೇಡ, ಏನಾದ್ರೂ ಕಳ್ಸ್ರಿ: ಕೇಳಿದ್ದ ಫೋಟೋ, ಒಂದು ಪೇಜ್ ಡೇಟಾ, ಕನ್ನಡ ಪೇಪರಲ್ಲಿ ಬಂದ ಒಂದು ಸುದ್ದಿ ಕಟಿಂಗು. ಹೇಳಿದ್ದನ್ನ ಹೇಳಿದ ದಿನಕ್ಕೆ ಕಳ್ಸೋರು ಕಮ್ಮಿ, ಹಂಗಾಗಿ ಕಳ್ಸಿದೋರು ನೆನಪಲ್ಲಿ ಉಳೀತಾರೆ.

ಆಮೇಲೆ ಡಿಪಾರ್ಟ್‌ಮೆಂಟಲ್ಲಿ ಒಂದು ಶನಿವಾರ ಅರ್ಧ ಗಂಟೆ ಏನ್ ಕಲಿತು ಬಂದೆ ಅಂತ ಹೇಳ್ರಿ, ಮಂಡಕ್ಕಿ ಮಿರ್ಚಿ ತರಿಸಿದ್ರೆ ಎಲ್ಲಾರೂ ಬರ್ತಾರೆ. ಮುಂದಿನ ಸಲ ಫೀಸ್ ಕೇಳೋಕೆ ಹೋದಾಗ ಪ್ರಿನ್ಸಿಪಾಲರಿಗೂ ಇದು ನೆನಪಿರುತ್ತೆ.

ನಮ್ಮ ಕಾಲೇಜಲ್ಲೇ ಕಾನ್ಫರೆನ್ಸ್ ನಡೆದ್ರೆ?

ಅದಕ್ಕಿಂತ ಅಗ್ಗದ ಅವಕಾಶ ಇಲ್ಲ, ಆದ್ರೆ ನಮ್ಮ ಸ್ಟಾಫ್ ಊಟದ ಕೂಪನ್, ಹಾರ ತುರಾಯಿ ಕಮಿಟೀಲೇ ಕಳೆದು ಹೋಗ್ತಾರೆ. ಅತಿಥಿಗಳನ್ನ ಸ್ಟೇಷನ್ನಿಂದ ಕರ್ಕೊಂಡು ಬರೋ ಡ್ಯೂಟಿ ಕೇಳಿ ಹಾಕಿಸ್ಕೊಳ್ರಿ. ಕಾರಲ್ಲಿ ಅರ್ಧ ಗಂಟೆ ಅವ್ರು ನಿಮ್ಮ ಜೊತೆ ಮಾತ್ರ ಇರ್ತಾರೆ, ಮಧ್ಯ ಬೆಣ್ಣೆ ದೋಸೆ ತಿನ್ಸಿದ್ರೆ ಒಂದು ಗಂಟೆ. ದುರ್ಗದೋರು ಸಂಜೆ ಕೋಟೆಗೆ ಕರ್ಕೊಂಡು ಹೋಗ್ರಿ, ಸಿವಿಲ್ ಪ್ರೊಫೆಸರ್ ಆಗಿದ್ರೆ ಒಳಗಿನ ಹೊಂಡಗಳಲ್ಲಿ ಮಳೆ ನೀರು ಹಿಡಿದಿಟ್ಟಿರೋ ರೀತಿ ತೋರ್ಸ್ರಿ, ಬೇಗ ಹೊರಡೋದೇ ಇಲ್ಲ ಅವ್ರು.

ಸರ್ಟಿಫಿಕೇಟಲ್ಲಿ ಹೆಸರು ತಪ್ಪಾಗಿ ಬಂದೈತೆ, ಏನ್ ಮಾಡೋದು?

ನಮ್ಮ ಕಡೆ ಹೆಸರಿಗೆ ಸರ್‌ನೇಮ್ ಇರಲ್ಲ, ಎಚ್ ಎಂ, ಕೆ ಜಿ ಅಂತ ಇನಿಷಿಯಲ್ ಇರುತ್ತೆ, ರಿಜಿಸ್ಟ್ರೇಷನ್ ಫಾರ್ಮ್ ಮಾತ್ರ ಲಾಸ್ಟ್ ನೇಮ್ ಕೊಡದೇ ಮುಂದಕ್ಕೇ ಬಿಡಲ್ಲ. ಒಂದ್ಸಲ ಇನಿಷಿಯಲ್ ಹಿಂದೆ, ಒಂದ್ಸಲ ಮುಂದೆ, ಇನ್ನೊಂದ್ಸಲ ಅಪ್ಪನ ಹೆಸರು ಹಾಕಿದ್ರೆ ಮುಂದೆ ಸ್ಕೋಪಸ್ಸಲ್ಲಿ ನೀವೇ ಮೂರು ಜನ ಆಗಿರ್ತೀರ. ಒಂದು ರೂಪ ಫಿಕ್ಸ್ ಮಾಡ್ಕೊಂಡು ಎಲ್ಲಾ ಕಡೆ ಅದನ್ನೇ ಹಾಕ್ರಿ, ರಿಸರ್ಚ್ ಮಾಡೋರಿಗೆ ಗುರುತಿನ ನಂಬರ್ ಥರ ಇರೋ ಆರ್ಕಿಡ್ (ORCID) ಐಡಿ ಫ್ರೀಯಾಗಿ ಸಿಗುತ್ತೆ, ಹದಿನಾರು ಅಂಕೀದು, ಅದನ್ನ ಮಾಡ್ಸಿಡ್ರಿ. ಸರ್ಟಿಫಿಕೇಟ್ ತಪ್ಪಿದ್ರೆ ಅಲ್ಲೇ ಕೌಂಟರಲ್ಲಿ ನಿಂತು ಆಧಾರ್ ತೋರ್ಸಿ ತಿದ್ದಿಸ್ಕೊಂಡೇ ಬಸ್ ಹತ್ರಿ, ಊರಿಗೆ ಬಂದು ಮೇಲ್ ಹಾಕೋಷ್ಟರಲ್ಲಿ ಆ ಕಮಿಟಿಯ ಮೇಲ್ ಐಡಿ ನೋಡೋರೇ ಇರಲ್ಲ.